ಕರೆಂಟ್ ಹೋದರೂ ನೆಲ ಒದ್ದೆಯಾಗಬಾರದು: ಅಕ್ವೇರಿಯಮ್‌ಗೆ ಸಂಪ್ ಫಿಲ್ಟರ್ ಕೂರಿಸುವ ಬಗೆ

ದೊಡ್ಡ ಟ್ಯಾಂಕ್ ಇಟ್ಟವರಿಗೆಲ್ಲ ಒಂದಲ್ಲ ಒಂದು ದಿನ ಸಂಪ್ ಬೇಕು ಅನ್ನಿಸುತ್ತದೆ. ಆಸ್ಕರ್, ಗೋಲ್ಡ್‌ಫಿಶ್, ಫ್ಲವರ್‌ಹಾರ್ನ್ ತರಹ ಜಾಸ್ತಿ ತಿಂದು ಜಾಸ್ತಿ ಗಲೀಜು ಮಾಡುವ ಮೀನು ಸಾಕುವವರಿಗಂತೂ ಗಾಜಿಗೆ ನೇತುಹಾಕುವ ಪುಟ್ಟ ಫಿಲ್ಟರ್ ಸಾಲುವುದೇ ಇಲ್ಲ. ಸಂಪ್ ಅಂದರೆ ಟ್ಯಾಂಕಿನ ಕೆಳಗೆ, ಸ್ಟ್ಯಾಂಡಿನೊಳಗೆ ಇಡುವ ಇನ್ನೊಂದು ಗಾಜಿನ ಟ್ಯಾಂಕ್, ಅಷ್ಟೇ. ಮೇಲಿನ ನೀರು ಅಂಚು ದಾಟಿ ಪೈಪಿನಲ್ಲಿ ತಾನಾಗಿ ಇಳಿಯುತ್ತದೆ, ಸ್ಪಂಜು ಮತ್ತು ಮೀಡಿಯಾ (ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾ ಕೂರುವ ರಿಂಗ್, ಕಲ್ಲಿನಂಥವು) ದಾಟಿ ಕೊನೆಯ ಖಾನೆಗೆ ಬರುತ್ತದೆ, ಅಲ್ಲಿಂದ ಪಂಪ್ ಅದನ್ನು ಮತ್ತೆ ಮೇಲಕ್ಕೆ ಹತ್ತಿಸುತ್ತದೆ. ನೀರಿನ ಒಟ್ಟು ಪ್ರಮಾಣ ಜಾಸ್ತಿಯಾಗುತ್ತದೆ, ಮೀಡಿಯಾಗೆ ಬೇಕಾದಷ್ಟು ಜಾಗ ಸಿಗುತ್ತದೆ, ಪಂಪ್, ಸ್ಪಂಜು ಇವೆಲ್ಲ ಕಣ್ಣಿಗೆ ಕಾಣದ ಹಾಗೆ ಕೆಳಗೆ ಸೇರಿಕೊಳ್ಳುತ್ತವೆ.

ಹೆಚ್ಚಿನವರು ಸಂಪ್ ಓಡುತ್ತಿರುವಾಗ ಹೇಗಿರಬೇಕು ಅಂತ ಮಾತ್ರ ಯೋಚಿಸುತ್ತಾರೆ. ನಮ್ಮ ಮಂಗಳೂರು-ಉಡುಪಿ ಕರಾವಳಿಯಲ್ಲಿ ಅಷ್ಟು ಸಾಲದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಮಳೆಗೆ ತೆಂಗಿನ ಗರಿ, ಮರದ ಕೊಂಬೆ ತಂತಿ ಮೇಲೆ ಬೀಳುವುದು, ಏಪ್ರಿಲ್-ಮೇನಲ್ಲಿ ಮತ್ತು ಅಕ್ಟೋಬರ್ ಕಡೆಗೆ ಸಂಜೆ ಗುಡುಗು ಸಿಡಿಲು, ಇವೆಲ್ಲ ಇದ್ದದ್ದೇ ಅಲ್ವಾ. ಹಾಗಾಗಿ ಗಾಜು ಕತ್ತರಿಸುವ ಮೊದಲೇ ಎರಡು ಪ್ರಶ್ನೆಗೆ ಉತ್ತರ ಇರಬೇಕು. ಕರೆಂಟ್ ಹೋದಾಗ ಮೇಲಿನ ನೀರು ಎಷ್ಟು ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ? ಮಧ್ಯರಾತ್ರಿ ಕರೆಂಟ್ ವಾಪಸ್ ಬಂದಾಗ ಯಾರೂ ಮುಟ್ಟದೆ ಎಲ್ಲ ತಾನಾಗಿ ಶುರುವಾಗುತ್ತದಾ? ಇವೆರಡಕ್ಕೆ ಸರಿಯಾದ ಉತ್ತರ ಇದ್ದರೆ ಉಳಿದದ್ದೆಲ್ಲ ಸುಲಭ.

ಅಳತೆ ಮತ್ತು ಲೆಕ್ಕ

ಲೆಕ್ಕ ಅರ್ಥವಾಗಲಿ ಅಂತ ಒಂದೇ ಅಳತೆ ಇಟ್ಟುಕೊಂಡು ಹೇಳುತ್ತೇನೆ, ನಿಮ್ಮ ಟ್ಯಾಂಕಿಗೆ ತಕ್ಕಂತೆ ಅಂಕಿ ಬದಲಿಸಿಕೊಳ್ಳಿ. ಮೇಲಿನದು ನಮ್ಮಲ್ಲಿ ತುಂಬ ಮಂದಿ ಇಡುವ 4 ಅಡಿಯ ಟ್ಯಾಂಕ್, ಅಂದರೆ 120 ಸೆಂ.ಮೀ. ಉದ್ದ, 45 ಅಗಲ, 45 ಎತ್ತರ. ಮೂರನ್ನೂ ಗುಣಿಸಿ 1000ದಿಂದ ಭಾಗಿಸಿದರೆ 243 ಲೀಟರ್. ಸಂಪ್ ಇದರ ಮೂರನೇ ಒಂದು ಭಾಗಕ್ಕಿಂತ ಚಿಕ್ಕದಾಗುವುದು ಬೇಡ. ಸ್ಟ್ಯಾಂಡಿನೊಳಗೆ ಹಿಡಿಸುವಷ್ಟು ದೊಡ್ಡದು ಮಾಡಿ ಅನ್ನುವುದು ನನ್ನ ಸಲಹೆ. 90 ಉದ್ದ, 35 ಅಗಲ, 38 ಎತ್ತರದ ಸಂಪ್ ಮಾಡಿಸಿದರೆ ಸುಮಾರು 120 ಲೀಟರ್ ಹಿಡಿಯುತ್ತದೆ. ಆದರೆ ಅದನ್ನು ಪೂರ್ತಿ ತುಂಬಿಸುವುದಿಲ್ಲ. ಓಡುವಾಗ ಸರಾಸರಿ 23 ಸೆಂ.ಮೀ. ನೀರು, ಮೇಲೆ 15 ಸೆಂ.ಮೀ. ಖಾಲಿ. ಆ ಖಾಲಿ ಜಾಗಕ್ಕೆ 47 ಲೀಟರ್ ಹಿಡಿಯುತ್ತದೆ. ಇದು ಸುಮ್ನೆ ಬಿಟ್ಟ ಜಾಗವಲ್ಲ, ಕರೆಂಟ್ ಹೋದಾಗ ಮೇಲಿಂದ ಬರುವ ನೀರಿಗೆ ಕಾದಿಟ್ಟ ಜಾಗ.

ಈಗ ಮೇಲಿಂದ ಎಷ್ಟು ಬರುತ್ತದೆ ನೋಡಿ. ಪಂಪ್ ನಿಂತ ಕೂಡಲೇ ಟ್ಯಾಂಕಿನ ನೀರು ಹರಿದುಹೋಗುವ ಅಂಚಿನವರೆಗೆ ಇಳಿದು ನಿಲ್ಲುತ್ತದೆ. ಅದು 1 ಸೆಂ.ಮೀ. ಇಳಿದರೆ 5.4 ಲೀಟರ್. ಪೈಪಿನಲ್ಲಿದ್ದದ್ದು, ಓವರ್‌ಫ್ಲೋ ಪೆಟ್ಟಿಗೆಯಲ್ಲಿದ್ದದ್ದು (ಅಂಚು ದಾಟಿದ ನೀರು ಮೊದಲು ಬೀಳುವ ಗಾಜಿನ ಪೆಟ್ಟಿಗೆ, ಮುಂದೆ ಹೇಳುತ್ತೇನೆ) ಎಲ್ಲ ಸೇರಿಸಿ 15 ಲೀಟರ್ ಅಂತ ಹಿಡಿಯಿರಿ. ಸಂಪ್‌ನಲ್ಲಿ ನೀರು 5 ಸೆಂ.ಮೀ.ಗಿಂತ ಜಾಸ್ತಿ ಏರುವುದಿಲ್ಲ. ನೆಮ್ಮದಿ.

ಆದರೆ ಇಲ್ಲೊಂದು ವಿಷಯ ಉಂಟು. ಪಂಪ್ ನಿಂತಾಗ ವಾಪಸ್ ಕಳಿಸುವ ಪೈಪೇ ಉಲ್ಟಾ ಆಗಿ ನೀರನ್ನು ಕೆಳಗೆ ಎಳೆಯಲು ಶುರುಮಾಡುತ್ತದೆ. ಪೈಪಿನ ಬಾಯಿ ಎಷ್ಟು ಆಳದಲ್ಲಿದೆಯೋ ಅಷ್ಟರವರೆಗೆ ಟ್ಯಾಂಕ್ ಖಾಲಿಯಾಗುತ್ತದೆ. ನೀರು ಚೆನ್ನಾಗಿ ತಿರುಗಲಿ ಅಂತ ಆ ಬಾಯಿಯನ್ನು 15 ಸೆಂ.ಮೀ. ಆಳಕ್ಕೆ ಇಳಿಸಿದರೆ 81 ಲೀಟರ್ ಕೆಳಗೆ ಬರುತ್ತದೆ. ಸಂಪ್‌ನಲ್ಲಿ ಇರುವುದು 47 ಲೀಟರಿನ ಜಾಗ. ಮಿಕ್ಕ 34 ಲೀಟರ್ ಹಾಲಿನ ನೆಲದ ಮೇಲೆ. ಹಾಗಾಗಿ ರಿಟರ್ನ್ ಪೈಪಿನ ಬಾಯಿ ನೀರಿನ ಮಟ್ಟದಿಂದ 1-2 ಸೆಂ.ಮೀ. ಕೆಳಗೆ ಮಾತ್ರ ಇರಲಿ. ಜೊತೆಗೆ ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ ಪೈಪಿಗೆ 4 ಮಿ.ಮೀ. ತೂತು ಹೊಡೆಯಿರಿ. ನೀರು ಆ ತೂತಿನವರೆಗೆ ಇಳಿದ ತಕ್ಷಣ ಗಾಳಿ ಒಳಗೆ ನುಗ್ಗಿ ಎಳೆತ ನಿಲ್ಲುತ್ತದೆ. ನೀರನ್ನು ಒಂದೇ ಕಡೆಗೆ ಬಿಡುವ ನಾನ್‌ರಿಟರ್ನ್ ವಾಲ್ವ್ ಹಾಕಿದರೆ ಸಾಕಲ್ವಾ ಅಂತ ಕೇಳುವವರಿದ್ದಾರೆ. ಸಾಲದು. ಅದರೊಳಗೆ ಒಂದು ಗಿಡದ ಎಲೆ, ಒಂದು ಬಸವನಹುಳು ಸಿಕ್ಕಿಕೊಂಡರೆ ಸಾಕು, ಅದು ಪೂರ್ತಿ ಮುಚ್ಚುವುದಿಲ್ಲ. ತೂತಿಗೆ ಆ ತೊಂದರೆ ಕಡಿಮೆ, ಅಕಸ್ಮಾತ್ ಪಾಚಿ ಕಟ್ಟಿದರೂ ಕಣ್ಣಿಗೆ ಕಾಣುತ್ತದೆ.

ಇದರ ಉಲ್ಟಾ ಲೆಕ್ಕವೂ ಬೇಕು, ಇದನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ಇಳಿಯುವ ಪೈಪು ಕಟ್ಟಿಕೊಂಡು ಪಂಪ್ ಮಾತ್ರ ಓಡುತ್ತಿದ್ದರೆ? ಪಂಪ್ ಇರುವ ಖಾನೆಯ ನೀರೆಲ್ಲ ಮೇಲೆ ಹೋಗಿ ಟ್ಯಾಂಕ್ ತುಂಬಿ ಚೆಲ್ಲುತ್ತದೆ. ಹಾಗಾಗಿ ಪಂಪಿನ ಖಾನೆ ಚಿಕ್ಕದಿರಲಿ. 25 ಸೆಂ.ಮೀ. ಉದ್ದ, 35 ಅಗಲ, 18 ಸೆಂ.ಮೀ. ನೀರು ಇದ್ದು ಪಂಪ್ 6 ಸೆಂ.ಮೀ. ಮಟ್ಟದವರೆಗೆ ಎಳೆಯುತ್ತದೆ ಅಂದುಕೊಂಡರೆ ಮೇಲೆ ಹೋಗುವುದು 10.5 ಲೀಟರ್. ಅದರಿಂದ ಮೇಲಿನ ಟ್ಯಾಂಕಿನಲ್ಲಿ ನೀರು ಏರುವುದು 2 ಸೆಂ.ಮೀ.ಗಿಂತ ಕಡಿಮೆ. ಟ್ಯಾಂಕಿನ ಬಾಯಿಯಲ್ಲಿ 3 ಸೆಂ.ಮೀ. ಖಾಲಿ ಬಿಟ್ಟಿದ್ದರೆ ಒಂದು ಹನಿಯೂ ಹೊರಗೆ ಬರುವುದಿಲ್ಲ. ಪಂಪ್ ಒಣಗಿ ಸದ್ದು ಮಾಡುತ್ತದೆ, ನಿಮಗೆ ಗೊತ್ತಾಗುತ್ತದೆ.

ನೀರು ಇಳಿಸುವುದು: ತೂತೇ ಒಳ್ಳೆಯದು

ಟ್ಯಾಂಕಿಗೆ ತೂತು ಹೊಡೆಯಲು ಹೆದರಿ ನೀರನ್ನು ಅಂಚಿನ ಮೇಲಿಂದ ಎಳೆದು ಹೊರಗೆ ಇಳಿಸುವ ಯು ಆಕಾರದ ಸೈಫನ್ ಪೆಟ್ಟಿಗೆ ಹಾಕುವವರು ಬಹಳ. ಅದರಲ್ಲಿ ಸ್ವಲ್ಪ ಸ್ವಲ್ಪ ಗಾಳಿ ಸೇರಿಕೊಂಡು ಒಂದು ದಿನ ಸೈಫನ್ ಕಡಿದುಹೋಗುತ್ತದೆ, ಅದು ಯಾವಾಗಲೂ ಮನೆಯಲ್ಲಿ ಯಾರೂ ಇಲ್ಲದಾಗ ಕರೆಂಟ್ ಹೋಗಿ ಬಂದ ಹೊತ್ತಿನಲ್ಲೇ ಆಗುತ್ತದೆ. ಮಣಿಪಾಲದಲ್ಲಿ ಗೆಳೆಯರೊಬ್ಬರ ಫ್ಲ್ಯಾಟಿನಲ್ಲಿ ಹೀಗಾಗಿ ನೀರು ಕೆಳಗಿನ ಮನೆಯ ಸೀಲಿಂಗಿನವರೆಗೆ ಹೋಗಿತ್ತು. ನಮ್ಮ ಕರೆಂಟಿನ ಊರಲ್ಲಿ ಸೈಫನ್ ಪೆಟ್ಟಿಗೆ ಬೇಡವೇ ಬೇಡ ಮಾರಾಯ್ರೆ. ಗಾಜಿಗೆ ತೂತು ಹೊಡೆಯುವುದೇ ಸರಿ.

ಮೊದಲು ಆ ಗಾಜು ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ್ದು) ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಟಫನ್ಡ್ ಗಾಜಿಗೆ ಡ್ರಿಲ್ ತಾಗಿದರೆ ಇಡೀ ಗಾಜು ಒಮ್ಮೆಲೇ ಚೂರುಚೂರು. ಊರಿನ ಅಂಗಡಿಯಲ್ಲಿ ಅಳತೆ ಕೊಟ್ಟು ಮಾಡಿಸಿದ ಟ್ಯಾಂಕ್ ಸಾಮಾನ್ಯ ಗಾಜಿನದ್ದೇ ಆಗಿರುತ್ತದೆ, ಆದರೂ ಮಾಡಿದವರನ್ನು ಕೇಳಿ. ಹೊಸ ಟ್ಯಾಂಕ್ ಮಾಡಿಸುವುದಾದರೆ ತೂತು ಅಲ್ಲೇ ಹಾಕಿಸಿಕೊಂಡು ಬನ್ನಿ, ತಲೆಬಿಸಿ ಇಲ್ಲ.

ಮೊದಲು ಟ್ಯಾಂಕ್ ನಿಪ್ಪಲ್ ಕೊಳ್ಳಿ, ಆಮೇಲೆ ಡ್ರಿಲ್ ಬಿಟ್. ಮನೆಯ ಮೇಲಿನ ನೀರಿನ ಟ್ಯಾಂಕಿಗೆ ಹಾಕುತ್ತಾರಲ್ಲ, ಎರಡೂ ಕಡೆ ವಾಷರ್ ಇರುವಂಥದ್ದು, ಅದೇ ಇಲ್ಲೂ ಆಗುತ್ತದೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. 1¼ ಇಂಚಿನದ್ದು ಎರಡು ತಗೊಳ್ಳಿ. ಅದರ ತಿರುಪು ಇರುವ ಭಾಗದ ಹೊರಗಿನ ಅಳತೆ ನೋಡಿಕೊಂಡು ಅದಕ್ಕಿಂತ ಒಂದೆರಡು ಮಿ.ಮೀ. ಜಾಸ್ತಿಯ ಡೈಮಂಡ್ ಹೋಲ್ ಸಾ (ಗಾಜು ಕೊರೆಯುವ ದುಂಡು ಬಿಟ್) ತರುವುದು. ತೂತಿನ ಅಂಚಿನಿಂದ ಗಾಜಿನ ಅಂಚಿಗೆ ಕಡಿಮೆ ಅಂದರೂ ಆ ತೂತಿನ ಅಗಲದಷ್ಟು ಗಾಜು ಉಳಿದಿರಬೇಕು. ಎರಡು ತೂತುಗಳ ನಡುವೆಯೂ ಅಷ್ಟೇ.

ಜಾಗ ಹಿಂದಿನ ಗಾಜಿನಲ್ಲಿ, ಮೇಲಿನ ಭಾಗದಲ್ಲಿ ಇರಲಿ. ನಾಳೆ ವಾಷರ್ ಹಳತಾಗಿ ಸೋರಿದರೂ ತೂತಿನವರೆಗಿನ ನೀರು ಮಾತ್ರ ಹೋಗುತ್ತದೆ, ಮೀನು ಬದುಕಿರುತ್ತವೆ. ಟ್ಯಾಂಕನ್ನು ಮಲಗಿಸಿ, ಹಿಂದಿನ ಗಾಜು ಮೇಲೆ ಬರುವ ಹಾಗೆ. ತೂತು ಬರುವ ಜಾಗಕ್ಕೆ ಒಳಗಿನಿಂದ ಅಗಲದ ಟೇಪ್ ಅಂಟಿಸಿ, ಬಿದ್ದ ಗಾಜಿನ ಬಿಲ್ಲೆ ಒಳಗೆ ಬಡಿಯುವುದಿಲ್ಲ. ಹೊರಗಡೆ ಜೇಡಿಮಣ್ಣಿನಿಂದ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ಡ್ರಿಲ್ಲನ್ನು ಹ್ಯಾಮರ್‌ನಲ್ಲಿ ಇಡಬೇಡಿ, ತಿರುಗುವುದು ನಿಧಾನ. ಮೊದಲು ಬಿಟ್ಟನ್ನು ಸ್ವಲ್ಪ ಓರೆ ಹಿಡಿದು ಅರ್ಧಚಂದ್ರದಷ್ಟು ಗೀರು ಮೂಡಿಸಿ, ಆಮೇಲೆ ಮೆಲ್ಲಗೆ ನೇರ ಮಾಡಿ. ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ, ಅದು ಗಾಜಿನ ಪುಡಿ. ಒತ್ತಬೇಡಿ, ಡ್ರಿಲ್ಲಿನ ಭಾರವೇ ಸಾಕು. ಆಗಾಗ ಎತ್ತಿ ನೀರು ಒಳಗೆ ಹೋಗಲು ಬಿಡಿ. 8-10 ಮಿ.ಮೀ. ಗಾಜಿಗೆ ಹತ್ತು ನಿಮಿಷವೋ ಇನ್ನೂ ಜಾಸ್ತಿಯೋ ಆಗಬಹುದು, ಆಗಲಿ. ಕೊನೆಗೆ ಸದ್ದು ಬದಲಾಗುತ್ತದೆ. ಕೊರೆಯುವ ಗಟ್ಟಿ ಸದ್ದು ಹೋಗಿ ಸ್ವಲ್ಪ ಟೊಳ್ಳು ಸದ್ದು ಬಂತೆಂದರೆ ಗಾಜು ತೆಳುವಾಗಿದೆ ಅಂತ ಅರ್ಥ. ಅಲ್ಲಿಂದ ಮುಂದೆ ಕೈಯ ಭಾರವನ್ನೂ ತೆಗೆಯಿರಿ. ಆ ಕೊನೆಯ ಅರೆ ನಿಮಿಷದ ಆತುರದಲ್ಲೇ ಅಂಚು ಚಕ್ಕೆ ಏಳುವುದು. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಬೇಕೇ ಬೇಕು. ವೈರಿನ ಡ್ರಿಲ್ ಆದರೆ ನೀರಿನಿಂದ ಜಾಗ್ರತೆ, ಬ್ಯಾಟರಿ ಡ್ರಿಲ್ ಸಿಕ್ಕಿದರೆ ಅದೇ ವಾಸಿ.

ಎರಡು ತೂತು ಯಾಕೆ ಅಂದರೆ, ಒಂದು ದಿನನಿತ್ಯಕ್ಕೆ, ಇನ್ನೊಂದು ಆಪತ್ತಿಗೆ. ಎರಡೂ ತೂತನ್ನು ಸುತ್ತುವ ಹಾಗೆ ಟ್ಯಾಂಕಿನ ಒಳಗಡೆ ಗಾಜಿನ ಪೆಟ್ಟಿಗೆ ಅಂಟಿಸಿ: 40 ಸೆಂ.ಮೀ. ಉದ್ದ, 10 ಅಗಲ, 15 ಆಳ. ಅದರ ಮೇಲಂಚು ಟ್ಯಾಂಕಿನ ಬಾಯಿಗಿಂತ 4 ಸೆಂ.ಮೀ. ಕೆಳಗಿರಲಿ. ಓಡುವಾಗ ನೀರು ಆ ಅಂಚಿನ ಮೇಲೆ 1 ಸೆಂ.ಮೀ.ಯಷ್ಟು ನಿಂತು ಪೆಟ್ಟಿಗೆಗೆ ಇಳಿಯುತ್ತದೆ. ಹಾಗಾಗಿ ಬಾಯಿಯಲ್ಲಿ 3 ಸೆಂ.ಮೀ. ಖಾಲಿ ಉಳಿಯುತ್ತದೆ, ಮೇಲಿನ ಲೆಕ್ಕಕ್ಕೆ ಸರಿ ಹೋಯಿತು. ಗಪ್ಪಿ, ಟೆಟ್ರಾದಂಥ ಸಣ್ಣ ಮೀನಿದ್ದರೆ ಅಂಚಿಗೆ ಪ್ಲಾಸ್ಟಿಕ್ ಜಾಲರಿಯ ಬೇಲಿ ಕಟ್ಟಿ, ಇಲ್ಲದಿದ್ದರೆ ಬೆಳಿಗ್ಗೆ ಅವು ಸಂಪ್‌ನಲ್ಲಿ ಸಿಗುತ್ತವೆ.

ಪೆಟ್ಟಿಗೆಯೊಳಗೆ ದಿನನಿತ್ಯದ ಪೈಪಿನ ಬಾಯಿ ಕೆಳಗೆ, ಯಾವಾಗಲೂ ನೀರಿನಲ್ಲಿ ಮುಳುಗಿರುವ ಹಾಗೆ. ಆಪತ್ತಿನ ಪೈಪಿಗೆ ಎಲ್ಬೋ ಹಾಕಿ ಬಾಯಿಯನ್ನು ಮೇಲಕ್ಕೆ ತಿರುಗಿಸಿ, ಪೆಟ್ಟಿಗೆಯ ಅಂಚಿಗಿಂತ 2-3 ಸೆಂ.ಮೀ. ಕೆಳಗೆ ಬರಲಿ. ದಿನನಿತ್ಯದ ಪೈಪಿಗೆ ಹೊರಗಡೆ ಒಂದು ಗೇಟ್ ವಾಲ್ವ್. ಬಾಲ್ ವಾಲ್ವ್ ಸಾಕಲ್ವಾ ಅಂತ ಅನ್ನಿಸಬಹುದು, ಆದರೆ ಇಲ್ಲಿ ಕೂದಲೆಳೆಯಷ್ಟು ತಿರುಗಿಸಬೇಕಾಗುತ್ತದೆ, ಬಾಲ್ ವಾಲ್ವಿನಲ್ಲಿ ಅದು ಕಷ್ಟ. ಪೆಟ್ಟಿಗೆಯಲ್ಲಿ ನೀರು ಮೇಲಿನ ಪೈಪಿನ ಬಾಯಿಯವರೆಗೆ ಏರಿ ಅದಕ್ಕೆ ಒಂದು ಸಣ್ಣ ಎಳೆ ಮಾತ್ರ ಇಳಿಯುವಷ್ಟು ವಾಲ್ವ್ ಮುಚ್ಚಿಡುವುದು. ಆಗ ಕೆಳಗಿನ ಪೈಪು ಗಾಳಿಯಿಲ್ಲದೆ ಪೂರ್ತಿ ನೀರಾಗಿ ಇಳಿಯುತ್ತದೆ, ಗುಳುಗುಳು ಸದ್ದು ಇರುವುದಿಲ್ಲ. ಹಾಲಿನಲ್ಲಿ ಟ್ಯಾಂಕ್ ಇಟ್ಟವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಆಪತ್ತಿನ ಪೈಪಿಗೆ ಮಾತ್ರ ಯಾವ ವಾಲ್ವೂ ಹಾಕಬಾರದು, ಜಾಲರಿಯೂ ಬೇಡ.

ಕರೆಂಟ್ ವಾಪಸ್ ಬಂದಾಗಿನ ವಿಷಯ ಇಲ್ಲಿ ಬರುತ್ತದೆ. ಪೈಪಿನ ಕೆಳಗಿನ ತುದಿ ಸಂಪ್‌ನ ನೀರಿನಲ್ಲಿ ತುಂಬ ಆಳಕ್ಕೆ ಮುಳುಗಿದ್ದರೆ ಒಳಗಿನ ಗಾಳಿ ಹೊರಗೆ ಹೋಗಲು ಆಗದೆ ನೀರು ಇಳಿಯಲು ತಕರಾರು ಮಾಡುತ್ತದೆ. 2 ಸೆಂ.ಮೀ. ಮುಳುಗಿದ್ದರೆ ಸಾಕು. ಆಗ ಪಂಪ್ ಶುರುವಾದ ಮೇಲೆ ಸ್ವಲ್ಪ ಹೊತ್ತು ಗಾಳಿ ಬುಸಬುಸ ಹೊರಬಂದು ಆಮೇಲೆ ತಾನಾಗಿ ಸರಿಹೋಗುತ್ತದೆ.

ಸಂಪ್‌ನ ಖಾನೆಗಳು

ಅಡ್ಡ ಗಾಜು 5-6 ಮಿ.ಮೀ. ಸಾಕು, ಎರಡೂ ಬದಿಯಲ್ಲಿ ನೀರಿರುವುದರಿಂದ ಒತ್ತಡ ಕಡಿಮೆ. ಸಿಲಿಕೋನ್ ಕೊಳ್ಳುವಾಗ ಟ್ಯೂಬಿನ ಮೇಲೆ ಅಕ್ವೇರಿಯಮ್‌ಗೆ ಆಗುತ್ತದೆ ಅಂತ ಬರೆದಿರಬೇಕು. ಬಾತ್‌ರೂಮಿಗೆ ಹಾಕುವ, ಬೂಷ್ಟು ಹಿಡಿಯದ ಸಿಲಿಕೋನ್ ಬೇಡ, ಅದರಲ್ಲಿರುವ ಔಷಧ ಮೀನಿಗೆ ವಿಷ. ಮಳೆಗಾಲದಲ್ಲಿ ಸಿಲಿಕೋನ್ ಒಣಗುವುದಿಲ್ಲ ಅಂತ ಕೆಲವರು ಕಾಯುತ್ತಾರೆ, ಹಾಗೇನಿಲ್ಲ, ಅದು ಗಟ್ಟಿಯಾಗುವುದೇ ಗಾಳಿಯ ತೇವದಿಂದ. ಆದರೆ ಗಾಜಿನ ಮೇಲೆ ತೇವ ಇದ್ದರೆ ಅಂಟುವುದಿಲ್ಲ. ಅಸಿಟೋನ್ ಹಾಕಿ ಒರೆಸಿ, ಬೆರಳು ತಾಗಿಸದೆ ಆಗಲೇ ಅಂಟಿಸಿ. ಎರಡು ದಿನ ಮುಟ್ಟಬೇಡಿ, ವಿನೆಗರ್ ವಾಸನೆ ಪೂರ್ತಿ ಹೋದ ಮೇಲೆ ನೀರು ತುಂಬಿಸಿ ಒಂದು ದಿನ ಹೊರಗೆ ಇಟ್ಟು ನೋಡಿ.

ಮೊದಲನೆಯ ಖಾನೆಗೆ ಪೈಪು ಇಳಿಯುತ್ತದೆ, ಅಲ್ಲಿ ಫಿಲ್ಟರ್ ಚೀಲ ಅಥವಾ ಸ್ಪಂಜು, ಅದರ ಮೇಲೆ ಬಿಳಿ ಫಿಲ್ಟರ್ ವೂಲ್. ಕಸ ಇಲ್ಲೇ ನಿಲ್ಲಬೇಕು, ಮುಂದೆ ಹೋಗಬಾರದು. ಚೀಲ ಕಟ್ಟಿಕೊಂಡರೆ ನೀರು ಅದರ ಬಾಯಿಂದ ಉಕ್ಕಿ ಅದೇ ಖಾನೆಗೆ ಬೀಳುವ ಹಾಗಿರಲಿ. ಎರಡನೆಯದು ಮೀಡಿಯಾ ಖಾನೆ, ಎಲ್ಲದಕ್ಕಿಂತ ದೊಡ್ಡದು. ತಳದಲ್ಲಿ ಚೌಕಳಿ ಪ್ಲಾಸ್ಟಿಕ್ ಜಾಲರಿ ಇಟ್ಟು ಮೀಡಿಯಾವನ್ನು 3 ಸೆಂ.ಮೀ. ಎತ್ತರಿಸಿ, ಕೆಳಗಿನಿಂದ ನೀರು ಸಮನಾಗಿ ಏರುತ್ತದೆ. ಆಮೇಲೆ ಮೂರು ಅಡ್ಡ ಗಾಜು ಹತ್ತಿರ ಹತ್ತಿರ, ನಡುವೆ 3 ಸೆಂ.ಮೀ. ಸಂದಿ: ನೀರು ಒಂದರ ಮೇಲಿಂದ, ಮುಂದಿನದರ ಅಡಿಯಿಂದ, ಅದರ ಮುಂದಿನದರ ಮೇಲಿಂದ ಹೋಗಬೇಕು. ಗಾಳಿಯ ಗುಳ್ಳೆಗಳು ಅಲ್ಲಿ ಮೇಲೇರಿ ಹೋಗುತ್ತವೆ, ಇಲ್ಲದಿದ್ದರೆ ಪಂಪ್ ಅವನ್ನೂ ಎಳೆದು ಮೇಲಿನ ಟ್ಯಾಂಕ್ ತುಂಬ ಸಣ್ಣ ಗುಳ್ಳೆ ತುಂಬಿಸುತ್ತದೆ. ಕೊನೆಗೆ ಪಂಪಿನ ಖಾನೆ.

ಮೀಡಿಯಾ ವಿಷಯಕ್ಕೆ ದುಬಾರಿ ಹೆಸರುಗಳ ಹಿಂದೆ ಹೋಗಬೇಕಾಗಿಲ್ಲ. ಅಮೋನಿಯಾವನ್ನು ನೈಟ್ರೈಟ್ ಮಾಡಿ, ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳಿಗೆ ಬೇಕಾದದ್ದು ಕೂರಲು ಮೈ, ಉಸಿರಾಡಲು ಆಮ್ಲಜನಕ, ಹರಿಯುವ ನೀರು. ಸೆರಾಮಿಕ್ ರಿಂಗ್, ಲಾವಾ ಕಲ್ಲು ಒಳ್ಳೆಯವು. ಪಾತ್ರೆ ತೊಳೆಯುವ ಪ್ಲಾಸ್ಟಿಕ್ ಸ್ಕ್ರಬ್ಬರ್ ಕೂಡ ಚೆನ್ನಾಗಿ ಕೆಲಸ ಮಾಡುತ್ತದೆ, ಸೋಪು ಸೇರಿಸಿದ್ದು, ಸ್ಟೀಲಿನದ್ದು ಮಾತ್ರ ಬೇಡ. ನನಗೆ ಇಷ್ಟವಾದದ್ದು ಹೆಂಚಿನ ಚೂರು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದಾಗಿನಿಂದ ನಮ್ಮೂರಲ್ಲಿ ಮಂಗಳೂರು ಹೆಂಚಿಗೆ ಬರವಿಲ್ಲ, ಹಳೆ ಮನೆ ಕೆಡವಿದಲ್ಲಿ ರಾಶಿ ಬಿದ್ದಿರುತ್ತದೆ. ಬಣ್ಣ ಬಳಿಯದ, ಸುಟ್ಟ ಮಣ್ಣಿನ ಹೆಂಚು ನೀರು ಹೀರುವಷ್ಟು ರಂಧ್ರ ಇರುವಂಥದ್ದು, ಬ್ಯಾಕ್ಟೀರಿಯಾಗಳಿಗೆ ಒಳ್ಳೆಯ ಮನೆ. ಬಟಾಣಿಗಿಂತ ಸ್ವಲ್ಪ ದೊಡ್ಡ ಚೂರು ಮಾಡಿ, ಪಾಚಿ ಹೋಗುವಂತೆ ಬ್ರಷ್‌ನಲ್ಲಿ ಉಜ್ಜಿ, ಕುದಿಸಿ, ಪುಡಿ ಪೂರ್ತಿ ಹೋಗುವವರೆಗೆ ತೊಳೆದು ಬಲೆಯ ಚೀಲದಲ್ಲಿ ಹಾಕಿಡಿ. ಮುರಕಲ್ಲಿನ (ಜಂಬಿಟ್ಟಿಗೆ) ಚೂರು ಮಾತ್ರ ಹಾಕಬೇಡಿ, ಎಷ್ಟು ತೊಳೆದರೂ ಕೆಂಪು ಪುಡಿ ಬಿಡುತ್ತಲೇ ಇರುತ್ತದೆ.

ನಮ್ಮ ನೀರಿನ ವಿಷಯ

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಹೊರಗಿನವರು ಬರೆದ ಸಲಹೆಯಲ್ಲಿ ಇದು ಸಿಗುವುದಿಲ್ಲ. ಮುರಕಲ್ಲಿನ ನೆಲದ ನಮ್ಮ ಬಾವಿ ನೀರು ತುಂಬ ಮೆದು, ಸ್ವಲ್ಪ ಹುಳಿ ಗುಣದ್ದು. ಪಿಎಚ್ 6ರ ಆಸುಪಾಸು ಇರುವ ಬಾವಿಗಳು ಎಷ್ಟೋ. ಟೆಟ್ರಾ, ಏಂಜಲ್, ಡಿಸ್ಕಸ್‌ಗೆ ಇದು ಹಿತ. ಆದರೆ ಸಂಪ್‌ನಲ್ಲಿರುವ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಾ ನೀರಿನ ಕ್ಷಾರಗುಣವನ್ನು ತಿನ್ನುತ್ತಾ ಹೋಗುತ್ತದೆ: 1 ಮಿ.ಗ್ರಾಂ. ಅಮೋನಿಯಾ ಸಾರಜನಕಕ್ಕೆ ಸುಮಾರು 7 ಮಿ.ಗ್ರಾಂ. ಕ್ಯಾಲ್ಸಿಯಂ ಕಾರ್ಬೊನೇಟಿನಷ್ಟು. ನಮ್ಮ ನೀರಿನಲ್ಲಿ ಅದು ಇರುವುದೇ ಸ್ವಲ್ಪ. ಅದು ಮುಗಿದ ದಿನ ಪಿಎಚ್ ಕುಸಿಯುತ್ತದೆ, 6ಕ್ಕಿಂತ ಕೆಳಗೆ ಬ್ಯಾಕ್ಟೀರಿಯಾಗಳ ಕೆಲಸ ತೀರಾ ನಿಧಾನವಾಗಿ ಅಮೋನಿಯಾ ಸೇರತೊಡಗುತ್ತದೆ. ಕಡಿಮೆ ಪಿಎಚ್‌ನಲ್ಲಿ ಅದು ಹೆಚ್ಚಾಗಿ ಅಮೋನಿಯಂ ರೂಪದಲ್ಲಿ ಇರುವುದರಿಂದ ಮೀನಿಗೆ ಅಷ್ಟು ತೊಂದರೆ ಕಾಣುವುದಿಲ್ಲ, ನಾವೂ ಸುಮ್ಮನಿರುತ್ತೇವೆ. ಆಮೇಲೆ ಯಾವಾಗಲೋ ಒಮ್ಮೆಲೇ ಅರ್ಧ ಟ್ಯಾಂಕ್ ನೀರು ಬದಲಿಸಿ ಪಿಎಚ್ ಮೇಲೇರಿದರೆ ಅದೆಲ್ಲ ವಿಷದ ಅಮೋನಿಯಾ ಆಗಿಬಿಡುತ್ತದೆ, ಹೊಸ ನೀರು ಹಾಕಿದ ರಾತ್ರಿಯೇ ಮೀನು ಸಾಯುತ್ತವೆ. ನೀರು ಕೆಟ್ಟದ್ದು ಅಂತ ಬಾವಿಯನ್ನು ಬೈಯುತ್ತೇವೆ.

ಪರಿಹಾರ ಅಡುಗೆಮನೆಯಲ್ಲೇ ಉಂಟು. ಮರುವಾಯಿ (ಚಿಪ್ಪಿನ ಮೀನು) ಸುಕ್ಕ ಮಾಡಿದ ದಿನ ಚಿಪ್ಪು ಬಿಸಾಡಬೇಡಿ. ಮಾಂಸ, ಮಸಾಲೆ, ಎಣ್ಣೆ ಪೂರ್ತಿ ಹೋಗುವಂತೆ ಕುದಿಸಿ ತೊಳೆದು, ಬಿಸಿಲಲ್ಲಿ ಒಣಗಿಸಿ, ಒಡೆದು ಒಂದೆರಡು ಹಿಡಿಯಷ್ಟು ಬಲೆಯ ಚೀಲದಲ್ಲಿ ಮೀಡಿಯಾ ಖಾನೆಯಲ್ಲಿಡಿ. ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟೇ. ನೀರು ಹುಳಿಯಾದಷ್ಟು ಜಾಸ್ತಿ ಕರಗುತ್ತದೆ, ಸರಿಯಾದ ಮೇಲೆ ಕರಗುವುದು ಕಡಿಮೆಯಾಗುತ್ತದೆ. ಗೋಲ್ಡ್‌ಫಿಶ್, ಗಪ್ಪಿ, ಮೊಲ್ಲಿ ಇದ್ದರೆ ಸ್ವಲ್ಪ ಜಾಸ್ತಿ ಹಾಕಬಹುದು. ಡಿಸ್ಕಸ್‌ನಂಥ ಮೆದು ನೀರಿನ ಮೀನಿಗೆ ಏಳೆಂಟು ಚೂರು ಸಾಕು. ಪಿಎಚ್ ಮತ್ತು ಕೆಎಚ್ (ನೀರಿನ ಕ್ಷಾರಗುಣದ ಅಳತೆ) ಟೆಸ್ಟ್ ಕಿಟ್ ತಂದು ವಾರಕ್ಕೊಮ್ಮೆ ನೋಡಿ, ಆ ಖರ್ಚಿಗೆ ಹಿಂದೆಮುಂದೆ ನೋಡಬೇಡಿ.

ನಳ್ಳಿ ನೀರಾದರೆ, ಅಂದರೆ ಮಂಗಳೂರಿನಲ್ಲಿ ತುಂಬೆಯಿಂದ ಬರುವ ನೇತ್ರಾವತಿಯ ನೀರು, ಉಡುಪಿಯಲ್ಲಿ ಬಜೆಯಿಂದ ಬರುವ ಸ್ವರ್ಣೆಯ ನೀರು, ಎರಡಕ್ಕೂ ಕ್ಲೋರಿನ್ ಹಾಕಿರುತ್ತಾರೆ. ಕ್ಲೋರಿನ್ ತೆಗೆಯುವ ದ್ರಾವಣ ಹಾಕದೆ ನೇರ ಬಿಟ್ಟರೆ ಮೀನಿಗಷ್ಟೇ ಅಲ್ಲ, ಬ್ಯಾಕ್ಟೀರಿಯಾಗೂ ಪೆಟ್ಟು. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವ ಪದ್ಧತಿ ಇದೆಯಲ್ಲ, ಆಗ ಬಾವಿ ನೀರಿಗೂ ಇದೇ ಜಾಗ್ರತೆ. ಸಮುದ್ರ, ಅಳಿವೆಯ ಹತ್ತಿರದ ಬಾವಿಗಳು ಏಪ್ರಿಲ್-ಮೇನಲ್ಲಿ ಉಪ್ಪಾಗುತ್ತವೆ, ನಾಲಿಗೆಗೆ ತಾಗುವಷ್ಟು ಉಪ್ಪಾದರೆ ಆ ನೀರು ಬಿಡಿ. 2019ರ ಬೇಸಿಗೆಯಲ್ಲಿ ಮಂಗಳೂರಿನಲ್ಲಿ ನೀರಿನ ರೇಷನಿಂಗ್ ಆದದ್ದು ನೆನಪಿರಬೇಕು. ಅಂಥ ದಿನಗಳಿಗೆ ಅಂತ ಸಂಪ್‌ನ ಅಥವಾ ಓವರ್‌ಫ್ಲೋ ಪೆಟ್ಟಿಗೆಯ ನೀರಿಗೆ ಮನಿ ಪ್ಲಾಂಟಿನ ಬೇರು ಇಳಿಬಿಟ್ಟು ಎಲೆ ಬೆಳಕಿಗೆ ಬರುವ ಹಾಗೆ ಇಡಿ. ಅದು ನೈಟ್ರೇಟ್ ಹೀರುತ್ತದೆ, ನೀರು ಬದಲಿಸುವುದು ಒಂದು ವಾರ ತಡವಾದರೂ ಅಡ್ಡಿಯಿಲ್ಲ.

ಪಂಪ್, ಕರೆಂಟ್, ಸ್ಟ್ಯಾಂಡ್

ಗಂಟೆಗೆ ಟ್ಯಾಂಕಿನ ನೀರು ನಾಲ್ಕೈದು ಸಲ ತಿರುಗಿದರೆ ಸಾಕು. ನಮ್ಮ ಟ್ಯಾಂಕಿಗೆ 1000ದಿಂದ 1250 ಲೀಟರ್. ಆದರೆ ಡಬ್ಬದ ಮೇಲಿನ ಅಂಕಿ ಎತ್ತರಕ್ಕೆ ಹತ್ತಿಸದೆ ಅಳೆದದ್ದು. 1.3 ಮೀಟರ್ ಮೇಲಕ್ಕೆ ಹತ್ತುವಾಗ, ಎಲ್ಬೋಗಳಲ್ಲಿ ತಿರುಗುವಾಗ ಅದು ತುಂಬ ಇಳಿಯುತ್ತದೆ. 2500 ಲೀಟರ್, 2.5 ಮೀಟರ್ ಎತ್ತರದ ಪಂಪ್ ತಂದರೆ ಸುಮಾರು ಅರ್ಧ ಸಿಗುತ್ತದೆ, ನಮಗೆ ಬೇಕಾದದ್ದೂ ಅಷ್ಟೇ. ಪಂಪಿನ ಹತ್ತಿರ ಒಂದು ಯೂನಿಯನ್ (ಕೈಯಲ್ಲಿ ತಿರುಗಿಸಿ ಬಿಚ್ಚುವ ಪೈಪ್ ಜಾಯಿಂಟ್) ಹಾಕಿಡಿ, ತೊಳೆಯಲು ತೆಗೆಯುವಾಗ ಪೈಪ್ ಕೊಯ್ಯಬೇಕಾಗುವುದಿಲ್ಲ.

ಪ್ಲಗ್ ಬೋರ್ಡ್ ಸಂಪ್‌ನ ಮೇಲೆ ಅಥವಾ ಕೆಳಗೆ ಬೇಡ, ಸ್ಟ್ಯಾಂಡಿನ ಬದಿಯಲ್ಲಿ ಎತ್ತರದಲ್ಲಿ ಇರಲಿ. ವೈರು ಪ್ಲಗ್ಗಿಗಿಂತ ಕೆಳಗೆ ಇಳಿದು ಮತ್ತೆ ಮೇಲೇರುವಂತೆ ಬಿಡಿ, ಹನಿ ನೀರು ವೈರು ಹಿಡಿದು ಪ್ಲಗ್ಗಿಗೆ ಹೋಗುವುದಿಲ್ಲ. 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ತಾನಾಗಿ ಆಫ್ ಆಗುವ ಸ್ವಿಚ್) ಇಲ್ಲದ ಮನೆಯಲ್ಲಿ ಸಂಪ್ ಹಾಕಬೇಡಿ, ಮೊದಲು ಎಲೆಕ್ಟ್ರಿಶಿಯನ್ ಕರೆಸಿ ಅದನ್ನು ಹಾಕಿಸಿ. ನೀರಿಗೆ ಕೈ ಹಾಕುವ ಮೊದಲು ಪಂಪಿನ ಪ್ಲಗ್ ಕಿತ್ತಿಡಿ. ಪ್ರತಿ ಸಲ.

ಟ್ಯಾಂಕ್, ಸಂಪ್, ಗಾಜು, ಕಲ್ಲುಮರಳು ಎಲ್ಲ ಸೇರಿ 400 ಕಿಲೋ ಹತ್ತಿರ ಆಗುತ್ತದೆ. ನಮ್ಮ ಹವೆಗೆ ಸಾಧಾರಣ ಬೋರ್ಡಿನ ಸ್ಟ್ಯಾಂಡ್ ಒಂದೇ ಮಳೆಗಾಲಕ್ಕೆ ಉಬ್ಬುತ್ತದೆ. ಐಎಸ್ 710 ಮುದ್ರೆಯ ಮರೈನ್ ಪ್ಲೈವುಡ್ ಅಥವಾ ಎಪಾಕ್ಸಿ ಬಳಿದ ಕಬ್ಬಿಣ ಒಳ್ಳೆಯದು. ಹಿಂದೆ ಗಾಳಿಯಾಡಲು ಬಿಡಿ. ಸಂಪ್‌ನ ಬಾಯಿಗೆ ಸೊಳ್ಳೆ ಬಲೆ ಹಾಕಿ, ನೀರು ಹರಿಯುವಾಗ ಸೊಳ್ಳೆ ಮೊಟ್ಟೆ ಇಡುವುದಿಲ್ಲ, ಆದರೆ ಪಂಪ್ ನಿಂತು ದಿನಗಟ್ಟಲೆ ಹಾಗೇ ಇದ್ದರೆ ಇಡುತ್ತದೆ. ಆ ಕೋಣೆಯಲ್ಲಿ ಸೊಳ್ಳೆ ಸ್ಪ್ರೇ ಹೊಡೆಯಬೇಡಿ, ಮೀನಿಗೆ ಅದು ಘೋರ ವಿಷ.

ಓಡಿಸಿ ನೋಡುವುದು

ಮೀನು ಹಾಕುವ ಮೊದಲು ಬರೀ ನೀರಿನಲ್ಲಿ ಓಡಿಸಿ. ಮೇಲೆ ತುಂಬಿಸಿ, ಅಂಚು ದಾಟಿ ಕೆಳಗೆ ಬರಲಿ, ಪಂಪಿನ ಖಾನೆಯಲ್ಲಿ 18 ಸೆಂ.ಮೀ. ಆಗುವವರೆಗೆ ನೀರು ಸೇರಿಸಿ, ವಾಲ್ವ್ ಸರಿ ಮಾಡಿ. ಅರ್ಧ ಗಂಟೆ ಸರಿಯಾಗಿ ಓಡಿದ ಮೇಲೆ ಖಾನೆಯ ಗಾಜಿಗೆ ಮಾರ್ಕರ್‌ನಲ್ಲಿ ಗೆರೆ ಹಾಕಿ. ಈಗ ಸ್ವಿಚ್ ಆಫ್ ಮಾಡಿ, ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನೋಡಿ. ಮೊದಲು ನೀರು ಜೋರಾಗಿ ಏರುತ್ತದೆ, ಮೀಡಿಯಾದ ಮೇಲೆ ಹತ್ತುತ್ತದೆ, ಖಾನೆಗಳೆಲ್ಲ ಒಂದೇ ಮಟ್ಟಕ್ಕೆ ಬರುತ್ತವೆ, ಮೇಲಿನ ಪೈಪಿನ ತೂತು ಸುರ್ ಅಂತ ಗಾಳಿ ಎಳೆಯುತ್ತದೆ, ಆಮೇಲೆ ಎಲ್ಲ ನಿಲ್ಲುತ್ತದೆ. ನಿಂತಲ್ಲಿ ಇನ್ನೊಂದು ಗೆರೆ ಹಾಕಿ. ಅದರ ಮೇಲೆ ಸಂಪ್‌ನ ಬಾಯಿಯವರೆಗೆ ಕೈಬೆರಳು ಉದ್ದದಷ್ಟಾದರೂ ಜಾಗ ಉಳಿದಿರಬೇಕು. ಸ್ವಿಚ್ ಹಾಕಿ, ಕೈ ಕಟ್ಟಿ ನಿಂತು, ವಾಲ್ವ್ ಮುಟ್ಟದೆ ಮೊದಲ ಗೆರೆಗೆ ವಾಪಸ್ ಬರುತ್ತದಾ ನೋಡಿ. ಇದನ್ನು ನಾಲ್ಕೈದು ಸಲ ಮಾಡಿ. ಆಮೇಲೆ ದಿನನಿತ್ಯದ ಪೈಪಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ ಆಪತ್ತಿನ ಪೈಪು ಒಂದೇ ಪೂರ್ತಿ ನೀರು ಇಳಿಸುತ್ತದಾ ನೋಡಿ. ಎರಡೂ ಪೈಪು ಮುಚ್ಚಿ ಪಂಪಿನ ಖಾನೆ ಖಾಲಿಯಾಗುವವರೆಗೂ ನೋಡಿ, ಮೇಲೆ ಚೆಲ್ಲಬಾರದು.

ಆಮೇಲೆ ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಹಳೆ ಟ್ಯಾಂಕ್ ಇರುವ ಗೆಳೆಯರಿಂದ ಓಡುತ್ತಿರುವ ಸ್ಪಂಜಿನ ತುಂಡು ತಂದು ಮೀಡಿಯಾ ಖಾನೆಯಲ್ಲಿಟ್ಟರೆ ಬೇಗ ಆಗುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ಮೀನು, ಅದೂ ಒಂದೇ ಸಲ ಎಲ್ಲ ಅಲ್ಲ.

ಫಿಲ್ಟರ್ ವೂಲ್ ವಾರಕ್ಕೊಮ್ಮೆ ತೊಳೆಯಿರಿ ಇಲ್ಲವೇ ಬದಲಿಸಿ. ಮೀಡಿಯಾವನ್ನು ನಳ್ಳಿಯಡಿ ತೊಳೆಯಬೇಡಿ, ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಮೆಲ್ಲಗೆ ಅದ್ದಿ ತೆಗೆಯಿರಿ. ಬೇಸಿಗೆಯಲ್ಲಿ ನೀರು ಆವಿಯಾದದ್ದು ಪಂಪಿನ ಖಾನೆಯಲ್ಲಿ ಮಾತ್ರ ಕಾಣುತ್ತದೆ, ಗೆರೆಗಿಂತ ಇಳಿದಾಗ ಗೆರೆಯವರೆಗೆ ಮಾತ್ರ ತುಂಬಿಸಿ. ಕರೆಂಟ್ ಇಲ್ಲದಾಗ ಏರಿದ ಮಟ್ಟ ನೋಡಿಕೊಂಡು ಯಾವತ್ತೂ ನೀರು ಸೇರಿಸಬೇಡಿ ಅಥವಾ ತೆಗೆಯಬೇಡಿ. ರಿಟರ್ನ್ ಪೈಪಿನ ತೂತನ್ನು ಗಾಜು ಉಜ್ಜುವ ದಿನವೇ ಒಂದು ಕಡ್ಡಿಯಿಂದ ಚುಚ್ಚಿ ಬಿಡಿಸಿ.

ಗಾಳಿಮಳೆಗೆ ಕರೆಂಟ್ ತುಂಬ ಹೊತ್ತು ಹೋದರೆ ಮೀನಿಗೆ ಆಹಾರ ಹಾಕಬೇಡಿ, ಬ್ಯಾಟರಿಯ ಏರ್ ಪಂಪ್ ಮೇಲಿನ ಟ್ಯಾಂಕಿಗೆ ಹಾಕಿ, ಇನ್ವರ್ಟರ್ ಇದ್ದರೆ ಪಂಪನ್ನು ಅದಕ್ಕೆ ಸೇರಿಸಿಡಿ. ಇಡೀ ದಿನ ಕರೆಂಟ್ ಬಾರದಿದ್ದರೆ ಪಂಪಿನ ಪ್ಲಗ್ ಕಿತ್ತಿಡಿ. ನಿಂತ ನೀರಿನಲ್ಲಿ ಮೀಡಿಯಾಗೆ ಆಮ್ಲಜನಕ ಸಿಗದೆ ಬ್ಯಾಕ್ಟೀರಿಯಾ ಸಾಯತೊಡಗುತ್ತವೆ. ಕರೆಂಟ್ ಬಂದ ಮೇಲೆ ಮೊದಲು ಸಂಪ್‌ನ ಹತ್ತಿರ ಮೂಗು ತಂದು ನೋಡಿ. ಕೊಳೆತ ಮೊಟ್ಟೆಯ ವಾಸನೆ ಇದ್ದರೆ ಆ ನೀರನ್ನು ಮೇಲಕ್ಕೆ ಹತ್ತಿಸಬಾರದು. ಸಂಪ್‌ನ ನೀರು ಹೊರಗೆ ಚೆಲ್ಲಿ, ಮೀಡಿಯಾವನ್ನು ಮೇಲಿನ ಟ್ಯಾಂಕಿನ ನೀರಿನಲ್ಲಿ ಅದ್ದಿ ತೆಗೆದು, ಹೊಸ ನೀರು ತುಂಬಿಸಿ ಆಮೇಲೆ ಸ್ವಿಚ್ ಹಾಕಿ. ಮುಂದಿನ ಒಂದು ವಾರ ದಿನಾ ಅಮೋನಿಯಾ ಟೆಸ್ಟ್ ಮಾಡಿ, ಆಹಾರ ಅರ್ಧಕ್ಕೆ ಇಳಿಸಿ.